ಅಪಘಾತವಾದ ಹನ್ನೊಂದನೇ ದಿನ ಅಮ್ಮನ ಕೈಲಿ ನಾನು ಹಾಕಿಸಿದ ಸಹಿ

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡವರು ದಯವಿಟ್ಟು ಕೊನೆಯವರೆಗೆ ಓದಿ. ಕಾರು ಅಪಘಾತವಾದ ಮೇಲೆ ಎದುರು ಪಾರ್ಟಿಯ ಇನ್ಶೂರೆನ್ಸ್ ಕಂಪನಿ ಒಂದು 'ರಿಲೀಸ್' ಕಾಗದ ಕಳಿಸುತ್ತದೆ, ಇಷ್ಟು ಹಣ ತೆಗೆದುಕೊಂಡು ಮುಂದೆ ಏನೂ ಕೇಳುವುದಿಲ್ಲ ಎಂದು ಬರೆದುಕೊಡುವ ಕಾಗದ. ಮೈಯಲ್ಲಿ ಏನೇನು ಪೆಟ್ಟಾಗಿದೆ ಎಂದು ಡಾಕ್ಟರ್ ಬಾಯಲ್ಲಿ ಕೇಳುವವರೆಗೆ ಅದಕ್ಕೆ ಸಹಿ ಹಾಕಬೇಡಿ. ನಾವು ಹಾಕಿಬಿಟ್ಟೆವು.

2024ರ ಅಕ್ಟೋಬರ್. ಅಮ್ಮ ಸಾಗರದಿಂದ ಬಂದು ಮೊದಲು ಸಿಯಾಟಲ್‌ನಲ್ಲಿ ಅಣ್ಣನ ಮನೆಯಲ್ಲಿದ್ದರು. ಅಲ್ಲಿಂದ ಸ್ಯಾನ್ ಹೋಸೆ ಏರ್‌ಪೋರ್ಟಿಗೆ ಬಂದಿಳಿದರು. ನಮ್ಮ ಮನೆ ಮಿಲ್ಪಿಟಾಸ್‌ನಲ್ಲಿ. ಸಂಜೆ ಆರು ಗಂಟೆಯ ಟ್ರಾಫಿಕ್. 101 ಸೌತ್‌ನಲ್ಲಿ ಸ್ವಲ್ಪ ದೂರ ಹೋಗಿ 880 ನಾರ್ತ್ ಫ್ರೀವೇ ಹಿಡಿಯಬೇಕು. ದಿನಾ ಓಡಾಡುವವರಿಗೆ ಎರಡು ಫ್ರೀವೇ ಕೂಡುವ ಆ ಇಂಟರ್‌ಚೇಂಜ್ ಗೊತ್ತಿರುತ್ತದೆ. ಹಳೇ ಕಾಲದ ಕ್ಲೋವರ್‌ಲೀಫ್, ನಾಲ್ಕೆಲೆ ಸೊಪ್ಪಿನ ಆಕಾರ. 880ರಿಂದ ಸುತ್ತಿಕೊಂಡು 101ಕ್ಕೆ ಬರುವವರು ಎಡಕ್ಕೆ ಸೇರಿಕೊಳ್ಳಬೇಕು. 880ಕ್ಕೆ ಹೋಗುವ ನಾವು ಬಲಕ್ಕೆ ಸರಿಯಬೇಕು. ಇಬ್ಬರಿಗೂ ಇರುವುದು ಒಂದೇ ಒಂದು ತುಂಡು ರಸ್ತೆ. ಅವರು ನಿಧಾನವಾಗಿ ಬಂದು ವೇಗ ಹೆಚ್ಚಿಸುತ್ತಿರುತ್ತಾರೆ, ನಾವು ವೇಗವಾಗಿ ಬಂದು ನಿಧಾನ ಮಾಡುತ್ತಿರುತ್ತೇವೆ.

ನಾನು ಇಂಡಿಕೇಟರ್ ಹಾಕಿ ಬಲಕ್ಕೆ ಸರಿಯುತ್ತಿದ್ದೆ. ಒಂದು ಪಿಕಪ್ ಟ್ರಕ್ ರ‍್ಯಾಂಪಿನಿಂದ ಎಡಕ್ಕೆ ನುಗ್ಗಿತು. ಅದು ಬಡಿದಿದ್ದು ನನ್ನ ಕಾರಿನ ಬಲಗಡೆಯ ಹಿಂದಿನ ಬಾಗಿಲಿಗೆ. ಅಮ್ಮ ಕೂತಿದ್ದು ಅಲ್ಲೇ. ಕಾರು ಅರ್ಧ ಸುತ್ತು ತಿರುಗಿ, ಹಿಂಭಾಗ ಗಾರ್ಡ್‌ರೇಲಿಗೆ ಹೊಡೆದು ನಿಂತಿತು. ಡಿಕ್ಕಿಯಲ್ಲಿದ್ದ ಅಪ್ಪೆಮಿಡಿ ಬಾಟಲಿ ಒಡೆದು, ಉಪ್ಪಿನಕಾಯಿ ರಸ ರಸ್ತೆಗೆ ಸೋರುತ್ತಿತ್ತು. ಅಮ್ಮ ಮೊದಲು ಕೇಳಿದ್ದು ಅದರ ಬಗ್ಗೆಯೇ, "ಮಿಡಿ ಎಲ್ಲಾ ಹೋಯ್ತಾ?" ಅಂತ. ಅವರು ಎಡಗೈಯಲ್ಲಿ ಬಲ ಭುಜ ಹಿಡಿದುಕೊಂಡಿದ್ದರು. ಅದನ್ನು ನಾನು ನೋಡಿದೆ. ನೋಡಿಯೂ ಗಮನಕ್ಕೆ ತಂದುಕೊಳ್ಳಲಿಲ್ಲ.

ಕೆಳಗಿಳಿದ ತಕ್ಷಣ ನನ್ನ ಬಾಯಿಂದ ಬಂದಿದ್ದು "ಸಾರಿ, ಸಾರಿ, ನಾನು ನಿಮ್ಮನ್ನ ನೋಡ್ಲೇ ಇಲ್ಲ". ನಮಗೆ ಸಾರಿ ಅನ್ನುವುದು ಮರ್ಯಾದೆಯ ಮಾತು, ಅಲ್ವಾ? ಕ್ಯಾಲಿಫೋರ್ನಿಯಾದ ಎವಿಡೆನ್ಸ್ ಕೋಡ್ 1160ನೇ ಸೆಕ್ಷನ್ ಕೂಡ ಬರೀ ಮರುಕದ ಮಾತನ್ನು ತಪ್ಪೊಪ್ಪಿಗೆ ಎಂದು ಕೋರ್ಟಿನಲ್ಲಿ ಬಳಸಲು ಬಿಡುವುದಿಲ್ಲ. ಆದರೆ ಅದರ ಜೊತೆ ಸೇರಿಸಿ ಹೇಳಿದ "ನೋಡ್ಲೇ ಇಲ್ಲ" ಎಂಬ ಮಾತಿಗೆ ಆ ರಕ್ಷಣೆ ಇಲ್ಲ. ಅದನ್ನು ಆ ಡ್ರೈವರ್ ನೆನಪಿಟ್ಟುಕೊಂಡು ತನ್ನ ಕಂಪನಿಗೆ ಹೇಳಿದ.

ಫ್ರೀವೇ ಆದ್ದರಿಂದ ಬಂದವರು ಹೈವೇ ಪ್ಯಾಟ್ರೋಲ್ ಪೊಲೀಸರು, ಅಂದರೆ ಸಿಎಚ್‌ಪಿ ಅಧಿಕಾರಿ. ತುಂಬ ಸಮಾಧಾನದಿಂದ ಮಾತಾಡಿದರು. ಯಾರಿಗಾದರೂ ನೋವಾಗಿದೆಯಾ, ಆಂಬುಲೆನ್ಸ್ ಬೇಕಾ ಎಂದು ಕೇಳಿದರು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದೆ. "ಏನಿಲ್ಲ ಬಿಡೇ, ಸುಮ್ನೆ ಅವರಿಗೆ ಯಾಕೆ ತೊಂದ್ರೆ" ಅಂದರು. ನಾನು ಅದನ್ನು "ನೋ ಇಂಜುರಿ" ಎಂದು ಅನುವಾದ ಮಾಡಿದೆ. ರಿಪೋರ್ಟಿನಲ್ಲಿ ಹಾಗೇ ದಾಖಲಾಯಿತು. ನಮ್ಮ ಅಮ್ಮಂದಿರ "ಏನಿಲ್ಲ ಬಿಡು" ಎಂಬ ಮಾತಿಗೆ ಎಷ್ಟು ಅರ್ಥ ಇರುತ್ತದೆ ಎಂದು ಮಕ್ಕಳಾದ ನಮಗೆ ಗೊತ್ತು. ಆ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? "ಭುಜ ಹಿಡಿದುಕೊಂಡಿದ್ದಾರೆ, ನೋವಿರಬಹುದು, ಇನ್ನೂ ಗೊತ್ತಿಲ್ಲ" ಎಂದು ನಾನು ಹೇಳಬೇಕಿತ್ತು.

ಆ ರಾತ್ರಿ ಆಸ್ಪತ್ರೆಗೆ ಹೋಗಲಿಲ್ಲ. ಎಮರ್ಜೆನ್ಸಿ ರೂಮಿನ ಬಿಲ್ ಎಂದರೆ ಇಲ್ಲಿ ಎಲ್ಲರಿಗೂ ಭಯ, ಅಮ್ಮನಿಗೆ ಇದ್ದಿದ್ದು ವಿಸಿಟರ್ ಇನ್ಶೂರೆನ್ಸ್ ಮಾತ್ರ. ಅರಿಶಿನದ ಹಾಲು, ಬಿಸಿನೀರಿನ ಶಾಖ, ನೋವಿನ ಮಾತ್ರೆ. ಎರಡು ವಾರ ಹೀಗೇ ಕಳೆಯಿತು. ಎದುರು ಕಂಪನಿಯವರು ಮುಂದೆ ಕೇಳುವ ಮೊದಲ ಪ್ರಶ್ನೆಯೇ "ಅಷ್ಟು ನೋವಿದ್ದರೆ ಎರಡು ವಾರ ಯಾಕೆ ಡಾಕ್ಟರ್ ಹತ್ತಿರ ಹೋಗಲಿಲ್ಲ?" ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಅಪಘಾತದ ಮಾರನೇ ದಿನವೇ ಎದುರು ಕಂಪನಿಯ ಅಡ್ಜಸ್ಟರ್, ಅಂದರೆ ಕ್ಲೇಮ್ ಇತ್ಯರ್ಥ ಮಾಡುವವರು, ಫೋನ್ ಮಾಡಿದರು. ದನಿ ಬಹಳ ಮೃದು. "ಹೇಗಿದ್ದೀರಿ?" "ಫೈನ್, ಥ್ಯಾಂಕ್ಯೂ." ಆಮೇಲೆ, ರೆಕಾರ್ಡ್ ಮಾಡಬಹುದಾ ಎಂದರು. ಮಾಡಿ ಎಂದೆ. ಲೇನ್ ಬದಲಿಸುವಾಗ ಕನ್ನಡಿ ಎಷ್ಟು ಸಲ ನೋಡಿದಿರಿ, ಟ್ರಕ್ ಮೊದಲು ಕಂಡಿದ್ದು ಯಾವಾಗ, ಅಮ್ಮ ಹೇಗಿದ್ದಾರೆ ಎಂದೆಲ್ಲ ಕೇಳಿದರು. "ಚೆನ್ನಾಗಿದ್ದಾರೆ, ಸ್ವಲ್ಪ ಮೈಕೈ ನೋವು" ಎಂದೆ. ನಮ್ಮ ಪಾಲಿಸಿ ಕೊಟ್ಟ ಕಂಪನಿಗೆ ನಾವು ಸಹಕರಿಸಬೇಕು, ಅದು ಪಾಲಿಸಿಯಲ್ಲೇ ಬರೆದಿರುತ್ತದೆ. ಎದುರು ಪಾರ್ಟಿಯ ಕಂಪನಿಗೆ ರೆಕಾರ್ಡ್ ಮಾಡಿದ ಹೇಳಿಕೆ ಕೊಡಬೇಕೆಂಬ ಯಾವ ಕಾನೂನೂ ಇಲ್ಲ. "ಈಗ ಹೇಳಿಕೆ ಕೊಡುವುದಿಲ್ಲ, ಬರವಣಿಗೆಯಲ್ಲಿ ಕೇಳಿ" ಎಂದರೆ ಸಾಕಿತ್ತು. ನನಗೆ ಅದು ಒರಟುತನ ಅನ್ನಿಸುತ್ತಿತ್ತು.

ಈ ಗಡಿಬಿಡಿಯಲ್ಲಿ ವಾಹನ, ಲೈಸೆನ್ಸ್ ನೋಡಿಕೊಳ್ಳುವ ಇಲಾಖೆ ಡಿಎಂವಿಗೆ ಎಸ್‌ಆರ್-1 ಎಂಬ ಅಪಘಾತ ವರದಿಯ ಫಾರ್ಮ್ ಕಳಿಸುವುದನ್ನೂ ಮರೆತಿದ್ದೆ. ಯಾರಿಗಾದರೂ ಗಾಯವಾಗಿದ್ದರೆ, ಇಲ್ಲವೇ ನಷ್ಟ 1,000 ಡಾಲರ್ ಮೀರಿದ್ದರೆ, ತಪ್ಪು ಯಾರದೇ ಇರಲಿ, 10 ದಿನದೊಳಗೆ ಅದನ್ನು ಕೊಡಬೇಕು. ಪೊಲೀಸ್ ರಿಪೋರ್ಟ್ ಆಗಿದೆಯಲ್ಲ ಎಂದು ಕೂರುವಂತಿಲ್ಲ, ಇದು ಬೇರೆ. ಕೊಡದಿದ್ದರೆ ಲೈಸೆನ್ಸ್ ಅಮಾನತಾಗಬಹುದು. ಕಚೇರಿಯ ಗೆಳತಿಯೊಬ್ಬಳು ನೆನಪಿಸಿದ್ದರಿಂದ ಕೊನೇ ದಿನ ಕಳಿಸಿದೆ.

ಹನ್ನೊಂದನೇ ದಿನ ಎದುರು ಕಂಪನಿಯಿಂದ ಆ ರಿಲೀಸ್ ಕಾಗದದ ಇಮೇಲ್ ಬಂತು. ಕಾರಿನ ವಿಷಯ ಬೇರೆ ನೋಡಿಕೊಳ್ಳುತ್ತೇವೆ, ನಿಮ್ಮ ತಾಯಿಗೆ ಆದ ತೊಂದರೆಗೆ 1,800 ಡಾಲರ್ ಕೊಡುತ್ತೇವೆ, ಇಲ್ಲಿ ಸಹಿ ಮಾಡಿ ಎಂದಿತ್ತು. ನನಗೆ ಖುಷಿಯೇ ಆಯಿತು. ಕೇಳದೇ ದುಡ್ಡು ಕೊಡುತ್ತಿದ್ದಾರೆ, ಎಷ್ಟು ಒಳ್ಳೆಯವರು ಅಂದುಕೊಂಡೆ. ಅಮ್ಮ ಸೋಫಾ ಮೇಲೆ ಕೂತಿದ್ದರು. ನನ್ನ ಫೋನ್ ಕೊಟ್ಟು, ಬೆರಳಲ್ಲಿ ಹೆಸರು ಬರೆಯಮ್ಮ ಎಂದೆ. ಫೋನನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದರೆ ಬಲಗೈ ಮೇಲೇಳಲಿಲ್ಲ. ತೊಡೆಯ ಮೇಲಿಟ್ಟುಕೊಂಡು, ತೋರುಬೆರಳಿನಿಂದ ಕನ್ನಡದಲ್ಲಿ ಹೆಸರು ಬರೆದರು. ಒತ್ತಕ್ಷರ ಗಾಜಿನ ಮೇಲೆ ಸರಿಯಾಗಿ ಮೂಡದೆ, ಅಳಿಸಿ ಎರಡನೇ ಸಲ ಬರೆದರು. ಕೈ ಏಳುತ್ತಿಲ್ಲ ಎಂಬುದಕ್ಕೆ ಸಾಕ್ಷಿ ನನ್ನ ಕಣ್ಣೆದುರೇ ಇತ್ತು. ನಾನು ನೋಡುತ್ತಿದ್ದಿದ್ದು ಸಹಿ ಸರಿಯಾಗಿ ಬಂತಾ ಅಂತ.

ಆ ಕಾಗದದಲ್ಲಿ ಸಿವಿಲ್ ಕೋಡ್ 1542ನೇ ಸೆಕ್ಷನ್ನಿನ ಹೆಸರು ಹೇಳುವ ಒಂದು ಪ್ಯಾರಾ ಇತ್ತು. ಆಗ ನಾನು ಅದನ್ನು ಓದದೆ ಕೆಳಗೆ ಜಾರಿಸಿದ್ದೆ. ಸಹಿ ಮಾಡುವಾಗ ನಿಮಗೆ ಗೊತ್ತೇ ಇಲ್ಲದ ನಷ್ಟವನ್ನು ಒಂದು ಸಾಮಾನ್ಯ ರಿಲೀಸ್ ಅಳಿಸಿಹಾಕುವುದಿಲ್ಲ ಎಂದು ಆ ಸೆಕ್ಷನ್ ನಮ್ಮನ್ನು ಕಾಯುತ್ತದೆ. "ಆ ರಕ್ಷಣೆ ನನಗೆ ಬೇಡ" ಎಂದು ನಮ್ಮಿಂದಲೇ ಬರೆಸಿಕೊಳ್ಳುವುದು ಆ ಪ್ಯಾರಾದ ಕೆಲಸ. ನಿಮ್ಮ ಕೈಗೆ ಬರುವ ಕಾಗದದಲ್ಲಿ 1542 ಎಂಬ ಅಂಕಿ ಕಂಡರೆ ಅಲ್ಲೇ ನಿಲ್ಲಿ. ನಾಳೆ ಏನೇ ಹೊಸ ನೋವು ಹೊರಬಿದ್ದರೂ ಕೇಳುವುದಿಲ್ಲ ಎಂದು ಬರೆದುಕೊಡುತ್ತಿದ್ದೀರಿ.

ಹದಿನಾರನೇ ದಿನ ಅಮ್ಮ ತಲೆ ಬಾಚಿಕೊಳ್ಳಲು ಆಗದೆ ಕಣ್ಣೀರು ಹಾಕಿದರು. ಆಗ ಡಾಕ್ಟರ್ ಹತ್ತಿರ ಹೋದೆವು. ಎಂಆರ್‌ಐ ಆಯಿತು. ಭುಜದ ಕೀಲನ್ನು ಹಿಡಿದಿಡುವ ಸ್ನಾಯು ಹರಿದಿತ್ತು, ರೊಟೇಟರ್ ಕಫ್ ಎನ್ನುತ್ತಾರೆ. ಸರ್ಜರಿ ಬೇಕಾಗಬಹುದು ಎಂದರು. ವಿಸಿಟರ್ ಇನ್ಶೂರೆನ್ಸ್‌ನವರು ಬಿಲ್ಲಿನ ಒಂದು ಪಾಲು ಕೊಟ್ಟು ಕೈ ತೊಳೆದುಕೊಂಡರು.

ಆಮೇಲೆ ವಕೀಲರ ಬಳಿ ಹೋದೆ. ಮೊದಲ ಭೇಟಿಗೆ ಫೀಸ್ ಇಲ್ಲ. ಅಪಘಾತದ ಕೇಸುಗಳಲ್ಲಿ ಇಲ್ಲಿ ಸಾಮಾನ್ಯವಾಗಿ ಹಣ ಬಂದರೆ ಮಾತ್ರ ಮೂರರಲ್ಲೊಂದು ಪಾಲು, ಕೋರ್ಟಿಗೆ ಹೋದರೆ ಇನ್ನೂ ಜಾಸ್ತಿ ತೆಗೆದುಕೊಳ್ಳುತ್ತಾರೆ. ಅವರು ಒಂದು ಗಂಟೆ ಕೂತು ಹೇಳಿದ್ದನ್ನು ಕೇಳಿ ನನಗೆ ಹೊಟ್ಟೆ ಕಿವುಚಿದಂತಾಯಿತು. ಇದೆಲ್ಲ ಹನ್ನೊಂದನೇ ದಿನಕ್ಕೆ ಮೊದಲು ಕೇಳಿದ್ದರೆ ಅಮ್ಮನಿಗೆ ದಾರಿಗಳಿದ್ದವು.

ನಾನು ಅಂದುಕೊಂಡಿದ್ದು, ನನ್ನದೂ ಸ್ವಲ್ಪ ತಪ್ಪಿದೆ, ಹಾಗಾಗಿ ಜಾಸ್ತಿ ಕೇಳುವ ಹಕ್ಕಿಲ್ಲ ಅಂತ. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ. 1975ರಿಂದ ಇಲ್ಲಿ ತಪ್ಪನ್ನು ಪಾಲು ಮಾಡಿ ನೋಡುತ್ತಾರೆ. ನನ್ನ ತಪ್ಪು ನೂರಕ್ಕೆ 40 ಪಾಲು ಎಂದಾದರೆ ನನಗೆ ಬರುವ ಪರಿಹಾರದಲ್ಲಿ ಅಷ್ಟೇ ಕಡಿತ, ಉಳಿದಿದ್ದು ಸಿಗುತ್ತದೆ. ಲೇನ್ ಬದಲಿಸುವವರು ಇಬ್ಬರೂ ಸುರಕ್ಷಿತ ಎಂದು ನೋಡಿಯೇ ಬದಲಿಸಬೇಕು ಎಂಬುದು ವೆಹಿಕಲ್ ಕೋಡಿನ ನಿಯಮ, ಅದು ಆ ಟ್ರಕ್ಕಿನವನಿಗೂ ಅನ್ವಯಿಸುತ್ತಿತ್ತು. ಇನ್ನು ಹಿಂದೆ ಬೆಲ್ಟ್ ಹಾಕಿ ಕೂತಿದ್ದ ಅಮ್ಮನದು ಏನು ತಪ್ಪು? ಅವರು ಇಬ್ಬರು ಡ್ರೈವರ್‌ಗಳ ಮೇಲೂ ಕ್ಲೇಮ್ ಹಾಕಬಹುದಿತ್ತು.

ಇಬ್ಬರ ಮೇಲೂ ಅಂದರೆ ನನ್ನ ಮೇಲೂ. ಇದನ್ನು ಕೇಳಿದಾಗ ಅಮ್ಮ "ಮಗಳ ಮೇಲೆ ಕೇಸ್ ಹಾಕೋದಾ? ಜನ ಏನಂತಾರೆ" ಎಂದರು. ಅದು ನನ್ನ ಜೇಬಿಗೆ ಕೈ ಹಾಕಿದಂತೆ ಅಲ್ಲ. ವರ್ಷವರ್ಷವೂ ನಾನು ಪ್ರೀಮಿಯಂ ಕಟ್ಟಿದ, ನನ್ನಿಂದ ಬೇರೆಯವರಿಗೆ ಆದ ನಷ್ಟ ತುಂಬಿಕೊಡುವ ಲಯಬಿಲಿಟಿ ಪಾಲಿಸಿ ಇರುವುದೇ ಅದಕ್ಕೆ. ಒಂದೇ ಮನೆಯಲ್ಲಿ ವಾಸ ಇರುವ ಸಂಬಂಧಿಕರಿಗೆ ಬಹಳ ಪಾಲಿಸಿಗಳು ಇದನ್ನು ಕೊಡುವುದಿಲ್ಲ, ಆದರೆ ಕೆಲವು ತಿಂಗಳಿಗೆ ಬಂದ ಅತಿಥಿಯ ವಿಷಯ ಬೇರೆಯಾಗಬಹುದು ಎಂದರು ವಕೀಲರು.

ಆ ಟ್ರಕ್ಕಿನವನದು ಕನಿಷ್ಠ ಪಾಲಿಸಿ. ಆಗಿನ ನಿಯಮದಂತೆ ಗಾಯಕ್ಕೆ ಒಬ್ಬರಿಗೆ 15,000 ಡಾಲರ್, ಆಸ್ತಿ ನಷ್ಟಕ್ಕೆ ಬರೀ 5,000. 2025ರ ಜನವರಿ 1ರಿಂದ ಈ ಕನಿಷ್ಠ ಮಿತಿ 30,000 ಮತ್ತು 15,000 ಆಗಿದೆ. ಭುಜದ ಸರ್ಜರಿಗೆ ಅದೂ ಸಾಲದಿರಬಹುದು. ಅಂಥ ಹೊತ್ತಿಗೆಂದೇ ನಮ್ಮ ಪಾಲಿಸಿಯಲ್ಲಿ ಅಂಡರ್‌ಇನ್ಶೂರ್ಡ್ ಮೋಟರಿಸ್ಟ್ ಎಂಬ ಭಾಗ ಇರುತ್ತದೆ. ನನ್ನದರಲ್ಲಿ ಇತ್ತು, ಮಿತಿಯೂ ದೊಡ್ಡದಿತ್ತು. ಎದುರು ಪಾರ್ಟಿಯ ಮಿತಿ ಪೂರ್ತಿ ಸಂದ ಮೇಲೆಯೇ ಅದು ತೆರೆಯುವುದು. ನಾವು 1,800ಕ್ಕೆ ಮುಗಿಸಿಕೊಂಡಿದ್ದರಿಂದ ಅದೂ ಹೋಯಿತು. ತಪ್ಪು ಯಾರದು ಎಂದು ಕೇಳದೆ, ಕಾರಲ್ಲಿ ಕೂತವರ ಆಸ್ಪತ್ರೆ ಖರ್ಚು ಕೊಡುವ ಮೆಡ್‌ಪೇ ಎಂಬುದನ್ನು ನಾನು ಪ್ರೀಮಿಯಂ ಉಳಿಸಲು ಅಪಘಾತದ ಹಿಂದಿನ ವರ್ಷವೇ ತೆಗೆಸಿದ್ದೆ. ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಪಾಲಿಸಿಯಲ್ಲಿ ಈ ಎರಡು ಹೆಸರು ಹುಡುಕಿ ನೋಡಿ.

ವೀಸಾ ಭಯವೂ ನಮ್ಮನ್ನು ಅವಸರಪಡಿಸಿತ್ತು. ವಿಸಿಟರ್ ವೀಸಾದಲ್ಲಿ ಬಂದವರು ಕೇಸು ಗೀಸು ಅಂತ ಹೋದರೆ ಮುಂದಿನ ಸಲ ಬಿಡುತ್ತಾರೋ ಇಲ್ಲವೋ, ಅಮ್ಮ ವಾಪಸ್ ಹೋಗುವುದರೊಳಗೆ ಎಲ್ಲ ಮುಗಿಯಲಿ ಎಂಬ ಯೋಚನೆ. ಸುಮ್ನೆ ಹೆದರಿದ್ದೆವು. ಗಾಯದ ಪರಿಹಾರದ ಸಿವಿಲ್ ಕೇಸಿನಲ್ಲಿ ಯಾರದೇ ವಲಸೆ ಸ್ಥಿತಿಯನ್ನು ಸಾಕ್ಷ್ಯವಾಗಿ ತರುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ ಕಾನೂನೇ ಹೇಳುತ್ತದೆ. ಅಮ್ಮ ಸಾಗರಕ್ಕೆ ಹೋದ ಮೇಲೂ ಕ್ಲೇಮ್ ನಡೆಯುತ್ತಿತ್ತು. ಗಾಯಕ್ಕೆ ಕೇಸ್ ಹಾಕಲು ಎರಡು ವರ್ಷ ಸಮಯ ಇರುತ್ತದೆ, ಕಾರಿನ ನಷ್ಟಕ್ಕೆ ಮೂರು ವರ್ಷ. ರಸ್ತೆಯ ದೋಷದಿಂದಲೋ ಸರ್ಕಾರಿ ವಾಹನದಿಂದಲೋ ಗಾಯವಾಗಿದ್ದರೆ ಮಾತ್ರ ಆ ಇಲಾಖೆಗೆ ಆರು ತಿಂಗಳೊಳಗೆ ಲಿಖಿತ ಕ್ಲೇಮ್ ಕೊಡಬೇಕು. ಇಂಟರ್‌ಚೇಂಜ್ ಅಪಘಾತವಾದವರು ಈ ಆರು ತಿಂಗಳನ್ನು ಗಟ್ಟಿಯಾಗಿ ನೆನಪಿಡಿ. ಯಾವ ಕ್ಲೇಮಿಗೂ ಹನ್ನೊಂದು ದಿನದ ಅವಸರ ಇರಲಿಲ್ಲ.

ಇನ್ನೊಂದು ಮಾತು. ನಾವು ಕರೆಯದೇ ಬಂದ ಟೋ ಟ್ರಕ್ಕಿನವನೊಬ್ಬ ಗ್ಯಾರೇಜಿನ ಕಾರ್ಡ್ ಜೊತೆ ಒಬ್ಬ ವಕೀಲರ ಕಾರ್ಡನ್ನೂ ಕೊಟ್ಟ. ಅಪಘಾತದ ಜಾಗದಲ್ಲಿ ಹೀಗೆ ವಕೀಲರಿಗೆ ಗಿರಾಕಿ ಹಿಡಿದುಕೊಡುವುದು ಇಲ್ಲಿ ಅಪರಾಧ. ಅಂಥ ಕಾರ್ಡ್ ಹರಿದುಹಾಕಿ. ಯಾವ ವಕೀಲರಾದರೂ ಅವರ ಲೈಸೆನ್ಸ್ ಸರಿಯಿದೆಯಾ ಎಂದು ಸ್ಟೇಟ್ ಬಾರ್ ವೆಬ್‌ಸೈಟಿನಲ್ಲಿ ಒಂದೇ ನಿಮಿಷದಲ್ಲಿ ನೋಡಬಹುದು.

ವಕೀಲರು ನಮ್ಮ ಪರವಾಗಿ ಒಂದು ಪತ್ರ ಬರೆದರು. ಭಾಷೆ ಬಾರದ ಹೆಂಗಸಿನ ಸಹಿ, ಯಾರೂ ಓದಿ ಹೇಳಿಲ್ಲ, ಇದನ್ನು ರದ್ದು ಮಾಡಿ ಎಂದು. ಮಗಳೇ ಜೊತೆಗಿದ್ದು ಸಹಿ ಮಾಡಿಸಿದ್ದಾಳೆ, ಕ್ಲೇಮ್ ಮುಗಿದಿದೆ ಎಂದು ಎರಡು ಸಾಲಿನ ಉತ್ತರ ಬಂತು. ಆ ಕಾಗದದಲ್ಲಿ ಟ್ರಕ್ಕಿನವನ ಹೆಸರಿನ ಮುಂದೆ "ಮತ್ತು ಬೇರೆ ಎಲ್ಲರನ್ನೂ" ಎಂಬ ಪದಗಳೂ ಇದ್ದವು. ಅಂದರೆ ನನ್ನ ಪಾಲಿಸಿಯ ದಾರಿಗೂ ಅದೇ ಸಹಿ ಅಡ್ಡ ಬಂದಿತ್ತು.

1,800 ಡಾಲರಿನ ಚೆಕ್ ಅಮ್ಮನ ಹೆಸರಿಗೆ ಬಂದಾಗ ಅವರು ಅದರ ಹಿಂದೆ ಸಹಿ ಮಾಡಿ ನನಗೇ ಕೊಟ್ಟಿದ್ದರು, "ಕಾರ್ ರಿಪೇರಿಗೆ ಇಟ್ಕೋ" ಅಂತ. ಈಗ ಅವರು ಸಾಗರದಲ್ಲಿದ್ದಾರೆ. ಬೆಳಿಗ್ಗೆ ವಿಡಿಯೊ ಕಾಲ್ ಮಾಡಿದರೆ, ಪಕ್ಕದ ಮನೆಯ ಹುಡುಗಿ ಬಂದು ಅವರಿಗೆ ಹೂ ಮುಡಿಸುತ್ತಿರುತ್ತಾಳೆ.