ಆಕ್ಸೆಸಿಬಿಲಿಟಿ ಕಲಿಸೋಕೆ ವರ್ಕ್‌ಶಾಪಾ, ಕೋರ್ಸಾ, ಎನ್‌ವಿಡಿಎನಾ?

ಆಕ್ಸೆಸಿಬಿಲಿಟಿ ಅಂದರೆ ಅಂಗವೈಕಲ್ಯ ಇರುವವರೂ ಬಳಸುವ ಹಾಗೆ ವೆಬ್ ಪುಟ ಮಾಡುವುದು. ಅದನ್ನು ಕಲಿಸೋಕೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎನ್‌ವಿಡಿಎಗೆ, ಅಂದರೆ ಕಣ್ಣು ಕಾಣದವರಿಗೆ ಪರದೆ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರಿಗೆ. 27,000 ರೂಪಾಯಿ ಕೈಬಿಟ್ಟು ಹೋದ ಮೇಲೆ ಬಂದ ಬುದ್ಧಿ ಇದು.

ನಮ್ಮ ಮೂವರು ಡಿಸೈನರ್‌ಗಳನ್ನು ತಲೆಗೆ 9,000 ಕೊಟ್ಟು ಎರಡು ದಿನದ ವರ್ಕ್‌ಶಾಪಿಗೆ ಕಳಿಸಿದ್ದೆ. ಊಟ ಚೆನ್ನಾಗಿತ್ತಂತೆ. ವಾಪಸ್ ಬಂದವರ ಬಾಯಲ್ಲಿ ಕಲರ್ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬಣ್ಣದ ಅಂತರ) ಬಿಟ್ಟು ಬೇರೆ ಮಾತಿಲ್ಲ. ತಿಳಿ ಬೂದು ಅಕ್ಷರಗಳನ್ನೆಲ್ಲ ಕಾಂಟ್ರಾಸ್ಟ್‌ನ ಕನಿಷ್ಠ ಮಿತಿ 4.5:1 ದಾಟುವವರೆಗೆ ಗಾಢ ಮಾಡಿದರು. ಅದು ಬೇಕಾದದ್ದೇ, ಇಲ್ಲ ಅನ್ನುವುದಿಲ್ಲ.

ಅದೇ ವಾರ ಅವರು ಮಾಡಿದ ಬಿಲ್ ಕಟ್ಟುವ ಪುಟವನ್ನು ಎನ್‌ವಿಡಿಎ ಹಾಕಿ ಕೇಳಿದೆ. ಟ್ಯಾಬ್ ಒತ್ತಿದರೆ "ಬಟನ್". ಮತ್ತೆ ಒತ್ತಿದರೆ "ಬಟನ್". ಮೂರನೆಯದೂ "ಬಟನ್". ಒಂದು ಹಿಂದಕ್ಕೆ ಹೋಗಲು, ಒಂದು ಬಿಲ್ ಅಳಿಸಲು, ಇನ್ನೊಂದು ದುಡ್ಡು ಕಟ್ಟಲು. ಮೂರೂ ಬರೀ ಐಕಾನ್, ಯಾವುದಕ್ಕೂ ಹೆಸರಿಲ್ಲ. ಹೆಡಿಂಗ್ ಹುಡುಕೋಣ ಅಂತ ಎಚ್ ಕೀ ಒತ್ತಿದೆ. ಪುಟದಲ್ಲಿ ಹೆಡಿಂಗೇ ಇಲ್ಲ ಅಂತು. ಕೋಡ್‌ನಲ್ಲಿ ಹೆಡಿಂಗ್ ಅಂತ ಗುರುತು ಹಾಕದೆ, ಅಕ್ಷರ ದಪ್ಪ ಮಾಡಿದರೆ ಅದೇ ಹೆಡಿಂಗ್ ಅಂದುಕೊಂಡಿದ್ದರು ನಮ್ಮವರು.

ಆನ್‌ಲೈನ್ ಕೋರ್ಸ್‌ಗಳ ತಾಣ ಎಡ್‌ಎಕ್ಸ್‌ನಲ್ಲಿ ಡಬ್ಲ್ಯು3ಸಿಯವರ (ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ) ಆಕ್ಸೆಸಿಬಿಲಿಟಿ ಕೋರ್ಸ್ ಇದೆ. ಸುಮ್ನೆ ಕಲಿಯೋಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಾದರೆ ಕಟ್ಟಬೇಕು. ವಿಷಯ ಚೆನ್ನಾಗಿದೆ. ನಾನು ಪೂರ್ತಿ ಮುಗಿಸಿದೆ, ನಮ್ಮವರು ಎರಡನೇ ವಾರಕ್ಕೆ ಕೈಬಿಟ್ಟರು.

ಎನ್‌ವಿಡಿಎ ಪೂರ್ತಿ ಉಚಿತ. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕಲ್ ಕರನ್ ಅವರಿಗೇ ಕಣ್ಣು ಕಾಣುವುದಿಲ್ಲ. ಇದರಲ್ಲಿ ಕಿರಿಕಿರಿ ಇಲ್ಲ ಅಂತಲ್ಲ. ಮೊದಲ ದಿನ, ಎನ್‌ವಿಡಿಎಗೆ ಆಜ್ಞೆ ಕೊಡಲು ಬೇಕಾದ ಇನ್ಸರ್ಟ್ ಕೀ ಎಲ್ಲಿ ಅಂತ ಹುಡುಕುವುದರಲ್ಲೇ ಹತ್ತು ನಿಮಿಷ ಹೋಯಿತು. ಲ್ಯಾಪ್‌ಟಾಪಿನಲ್ಲಿ ಆ ಕೀನೇ ಇರಲಿಲ್ಲ! ಸೆಟ್ಟಿಂಗ್ಸ್‌ನಲ್ಲಿ ಕ್ಯಾಪ್ಸ್ ಲಾಕ್‌ಗೆ ಬದಲಾಯಿಸಿಕೊಂಡೆವು.

ದೊಡ್ಡ ತಲೆನೋವು ಬೇರೆ. ಎಲ್ಲರೂ ಕದ್ದು ನೋಡುತ್ತಾರೆ. ಕಿವಿಗೆ "ಬಟನ್" ಅಂತ ಬಿದ್ದರೆ ಕಣ್ಣು ಡಿಲೀಟ್ ಐಕಾನ್ ನೋಡಿಬಿಡುತ್ತದೆ, "ಗೊತ್ತಾಯ್ತಲ್ಲ ಸರ್" ಅನ್ನುತ್ತಾರೆ. ಕಣ್ಣು ಮುಚ್ಚಿಕೊಳ್ಳಿ ಅಂದರೆ ಅರ್ಧ ನಿಮಿಷ ಮುಚ್ಚುತ್ತಾರೆ, ಅಷ್ಟೇ. ಕೊನೆಗೆ ಎನ್‌ವಿಡಿಎಯಲ್ಲೇ ಇರುವ ಸ್ಕ್ರೀನ್ ಕರ್ಟನ್ ಆನ್ ಮಾಡಿದೆ. ಪರದೆ ಪೂರ್ತಿ ಕಪ್ಪು, ಮಾತು ಮಾತ್ರ ಕೇಳುತ್ತದೆ. ತಾನೇ ಮಾಡಿದ ಪುಟದಲ್ಲಿ ಬಿಲ್ ಕಟ್ಟಲು ಹೋದ ಹುಡುಗಿ ಎರಡು ಸಲ ಬಿಲ್ಲನ್ನೇ ಅಳಿಸಿದಳು. ಅವತ್ತೇ ಐಕಾನ್‌ಗಳಿಗೆಲ್ಲ ಹೆಸರು ಬಂತು.

ಈಗ ಪ್ರತಿ ಶುಕ್ರವಾರ ಟೀ ಆದ ಮೇಲೆ ಅರ್ಧ ಗಂಟೆ ಇದೇ ಕೆಲಸ. ನಮ್ಮಂಥ ಸಣ್ಣ ಟೀಮಿಗೆ ಅದಕ್ಕಿಂತ ಜಾಸ್ತಿ ಪುರುಸೊತ್ತೂ ಇಲ್ಲ, ಬಜೆಟ್ಟೂ ಇಲ್ಲ. ಎನ್‌ವಿಡಿಎ ವಿಂಡೋಸ್‌ಗೆ ಮಾತ್ರ. ಮ್ಯಾಕ್‌ನಲ್ಲಿ ಇದೇ ಥರ ಓದಿ ಹೇಳುವ ವಾಯ್ಸ್‌ಓವರ್ ಇದೆ ನಿಜ, ಆದರೆ ಅದರ ಕೀಗಳೇ ಬೇರೆ, ಎಲ್ಲರಿಗೂ ಒಟ್ಟಿಗೆ ಹೇಳಿಕೊಡೋಕೆ ಆಗುವುದಿಲ್ಲ. ಹಾಗಾಗಿ ನಮ್ಮ ಮ್ಯಾಕ್ ಹುಡುಗನಿಗೆ ಶುಕ್ರವಾರ ಸಂಜೆ ಅಕೌಂಟ್ಸ್‌ನವರ ಹಳೇ ಲ್ಯಾಪ್‌ಟಾಪೇ ಗತಿ.