ವಾಲ್‌ಹೈಮ್: ಮುಟ್ಟಿದವರಿಗೆ ಮಾತ್ರ ಗುಟ್ಟು ಬಿಡುವ ಕುಲುಮೆ

ವೈಕಿಂಗರ ಕಾಡಿನಲ್ಲಿ ಬದುಕುಳಿದು, ಸಲಕರಣೆ ಮಾಡಿಕೊಂಡು, ಮನೆ ಕಟ್ಟುವ ಕಂಪ್ಯೂಟರ್ ಆಟ ವಾಲ್‌ಹೈಮ್. ಅದರಲ್ಲಿ ಕೆಲಸದ ಮೇಜಿನ ಮುಂದೆ ನಿಂತರೆ ಎರಡು ಗುಂಡಿಗಳು ಕಾಣುತ್ತವೆ. ಒಂದು ಹೊಸದನ್ನು ತಯಾರಿಸಲು, ಇನ್ನೊಂದು ಅಪ್‌ಗ್ರೇಡ್ ಮಾಡಲು. ಮೇಜನ್ನು ಮೇಲ್ದರ್ಜೆಗೆ ಏರಿಸೋಣ ಎಂದು ಎರಡನೆಯದನ್ನು ಒತ್ತಿದರೆ ಅಲ್ಲಿ ಕೊಡಲಿ, ಬಿಲ್ಲು, ಗುರಾಣಿಗಳಿರುತ್ತವೆ. ಮೇಜು ಮಾತ್ರ ಇರುವುದಿಲ್ಲ. ಅದರ ಅಪ್‌ಗ್ರೇಡ್ ಅಡಗಿರುವುದು ಸುತ್ತಿಗೆಯ ಪಟ್ಟಿಯಲ್ಲಿ. ಸುತ್ತಿಗೆ ಕೈಗೆತ್ತಿಕೊಂಡು, ಕಟ್ಟಬಹುದಾದ ವಸ್ತುಗಳ ನಡುವೆ ಸೌದೆ ಸೀಳುವ ಕೊರಡನ್ನು ಹುಡುಕಿ, ಅದನ್ನು ಮೇಜಿನ ಹತ್ತಿರ ತಂದು ನೆಟ್ಟರೆ ಮೇಜು ಎರಡನೇ ಮಟ್ಟಕ್ಕೆ ಏರುತ್ತದೆ. ಕೊಡಲಿಗೂ ಮಟ್ಟ, ಮೇಜಿಗೂ ಮಟ್ಟ. ಕೊಡಲಿಯ ಮಟ್ಟ ಏರಬೇಕಾದರೆ ಮೊದಲು ಮೇಜಿನ ಮಟ್ಟ ಏರಬೇಕು. ಬೇಕಾದ ಮಟ್ಟ ಎಷ್ಟು ಎಂಬ ಅಂಕಿಯನ್ನು ಪರದೆ ತೋರಿಸುತ್ತದೆ. ಅಲ್ಲಿಗೆ ತಲುಪುವ ದಾರಿಯನ್ನು ತೋರಿಸುವುದಿಲ್ಲ.

ಗ್ರಾಫಿಕ್ಸ್ ಹೇಗಿದೆ, ಯಾವ ಲ್ಯಾಪ್‌ಟಾಪ್ ಬೇಕು ಎಂಬುದನ್ನೆಲ್ಲ ನೀವು ಬೇರೆಡೆ ಓದಿರುತ್ತೀರಿ. ನಾನು ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಲೆಕ್ಕ ಬರೆಯುವವನು. ರಾತ್ರಿ ಊಟ ಮುಗಿಸಿ ಗಂಗಾವತಿಯ ಒಬ್ಬ, ರಾಯಚೂರಿನ ಒಬ್ಬ ಗೆಳೆಯರ ಜೊತೆ ಆಡುತ್ತೇನೆ. ಆಟದ ಒಂದು ಲೋಕದಲ್ಲಿ ಹತ್ತು ಜನ ಆಡಬಹುದು, ನಾವು ಮೂವರೇ. 2021ರ ಫೆಬ್ರವರಿಯಲ್ಲಿ ಬಂದ ಈ ಆಟವನ್ನು ನಾವು ತಡವಾಗಿ, ಆಟಗಳನ್ನು ಮಾರುವ ಸ್ಟೀಮ್ ಜಾಲತಾಣದ ರಿಯಾಯಿತಿಯಲ್ಲಿ ಕೊಂಡೆವು. ಬೇಸಿಗೆ ಕಳೆದು ಇನ್ನೊಂದು ಬೇಸಿಗೆ ಬಂದಿದೆ, ಆಟ ಮುಗಿದಿಲ್ಲ.

ಮುಗಿಯದಿರಲು ಮುಖ್ಯ ಕಾರಣ ಈ ಅಪ್‌ಗ್ರೇಡುಗಳೇ. ಮೇಜಿನ ಎರಡನೇ ಮಟ್ಟಕ್ಕೆ ಮರ ಮತ್ತು ನೀರಿನಂಚಿನಲ್ಲಿ ಸಿಗುವ ಚಕಮಕಿ ಕಲ್ಲು ಸಾಕು. ಮೂರನೆಯದಕ್ಕೆ ಚರ್ಮ ಹದ ಮಾಡುವ ಚೌಕಟ್ಟು. ಇಲ್ಲಿಯವರೆಗೆ ಸರಿ. ನಾಲ್ಕನೆಯದಕ್ಕೆ ಬಾಚಿ ಬೇಕು, ಬಾಚಿಗೆ 3 ಕಂಚು ಮತ್ತು 10 ನಯವಾದ ಮರ. ಕಂಚಿಗೆ ಕುಲುಮೆ ಬೇಕು, ಎರಡು ತಾಮ್ರಕ್ಕೆ ಒಂದು ತವರ ಬೆರೆಸಬೇಕು. ನಯವಾದ ಮರ ಸಿಗುವುದು ಬರ್ಚ್ ಮತ್ತು ಓಕ್ ಮರಗಳಿಂದ, ಅವನ್ನು ಕಡಿಯಲು ಕಂಚಿನ ಕೊಡಲಿ ಬೇಕು. ಮರದ ಮೇಜನ್ನು ಸುಧಾರಿಸಲು ಮೊದಲು ಕಮ್ಮಾರನಾಗಬೇಕು ಎಂದಾಯಿತು. ಕುಲುಮೆಯ ಪಾಡು ಇನ್ನೂ ದೊಡ್ಡದು. ಅದಕ್ಕೆ ಏಳು ಮಟ್ಟಗಳು: ತಿದಿ, ಅಡೆಗಲ್ಲು, ಸಾಣೆಚಕ್ರ ಮುಂತಾದ ಆರು ಜೊತೆಗಾರ ಸಲಕರಣೆಗಳನ್ನು ಸುತ್ತ ನಿಲ್ಲಿಸಬೇಕು. ಸಾಣೆಚಕ್ರಕ್ಕೆ ಸಾಣೆಕಲ್ಲು ಬೇಕು, ಸಾಣೆಕಲ್ಲಿಗೆ ಕಲ್ಲು ಕೊರೆಯುವ ಯಂತ್ರ ಬೇಕು, ಆ ಯಂತ್ರಕ್ಕೆ ಕಬ್ಬಿಣ ಬೇಕು.

ಕಬ್ಬಿಣವೋ, ಜೌಗು ಪ್ರದೇಶದ ನೆಲಮಾಳಿಗೆಗಳಲ್ಲಿ ಕೆಸರಿನ ಗುಡ್ಡೆ ಒಡೆದರೆ ಸಿಗುತ್ತದೆ. ಸಂಡೂರಿನ ಅದಿರು ಲಾರಿಗಳ ಕೆಂಧೂಳಿನಲ್ಲಿ ಬೆಳೆದ ನನಗೆ ಇದು ಹಾಸ್ಯಾಸ್ಪದ ಎನಿಸಿತ್ತು. ಆದರೆ ಹಳೆಯ ಸ್ಕ್ಯಾಂಡಿನೇವಿಯಾದ ಜನ ನಿಜಕ್ಕೂ ಜೌಗು ನೆಲದಿಂದಲೇ ಅದಿರು ತೆಗೆದು ಕರಗಿಸುತ್ತಿದ್ದರು. ಆ ಮಟ್ಟಿಗೆ ಆಟಕ್ಕೆ ಅಂಕ ಕೊಡುತ್ತೇನೆ. ಅದಿರು, ಲೋಹ ಯಾವುದನ್ನೂ ಕ್ಷಣದಲ್ಲಿ ದೂರಕ್ಕೆ ಒಯ್ಯುವ ಮಾಮೂಲಿ ಮಾಯಾದ್ವಾರದ ಮೂಲಕ ಸಾಗಿಸುವಂತಿಲ್ಲ, ಹಡಗಿನಲ್ಲೇ ತರಬೇಕು ಎಂಬ ನಿಯಮಕ್ಕೆ ಅರ್ಧ ಅಂಕ. 2023ರಲ್ಲಿ ಆ ನಿಯಮವನ್ನು ಸಡಿಲಿಸುವ ಆಯ್ಕೆ ಬಂತು; ಗಂಗಾವತಿಯವನು ಅದನ್ನು ಮುಟ್ಟಲು ಬಿಡುತ್ತಿಲ್ಲ.

ನನ್ನ ನಿಜವಾದ ತಕರಾರು ಬೇರೆಯೇ. ಒಂದು ವಸ್ತುವನ್ನು ನಿಮ್ಮ ಪಾತ್ರ ಎತ್ತಿಕೊಳ್ಳುವವರೆಗೆ ಅದರಿಂದ ಏನು ಮಾಡಬಹುದು ಎಂಬುದು ನಿಮಗೆ ತಿಳಿಯುವುದಿಲ್ಲ. ಈ ತಿಳಿವಳಿಕೆ ಲೋಕಕ್ಕೆ ಅಂಟಿಕೊಂಡದ್ದಲ್ಲ, ಒಬ್ಬೊಬ್ಬ ಆಟಗಾರನ ಪಾತ್ರಕ್ಕೆ ಅಂಟಿಕೊಂಡದ್ದು. ಘಟಕದಲ್ಲಿ ತಿಂಗಳ ಕೊನೆಯ ಲೆಕ್ಕವಿದ್ದಾಗ ನಾನು ಆಡಲು ಹೋಗುವುದಿಲ್ಲ. ಮರುದಿನ ಹೋದರೆ ಮನೆ ಬದಲಾಗಿರುತ್ತದೆ. ಗೆಳೆಯರು ಇದನ್ನು ಕಟ್ಟು, ಅದನ್ನು ಮಾಡು ಎನ್ನುತ್ತಾರೆ. ನನ್ನ ಪಟ್ಟಿಯಲ್ಲಿ ಅಂಥದ್ದೇ ಇರುವುದಿಲ್ಲ. ಅದೇ ಮೇಜು, ಅದೇ ಸುತ್ತಿಗೆ, ಅದೇ ಪೆಟ್ಟಿಗೆಯ ತುಂಬ ಕಬ್ಬಿಣ. ಪೆಟ್ಟಿಗೆ ತೆರೆದು ನೋಡಿದರೆ ಸಾಲದು, ಕೈಗೆತ್ತಿಕೊಳ್ಳಲೇಬೇಕು. ಕೂಡಿ ಆಡಲೆಂದೇ ಮಾಡಿದ ಆಟದಲ್ಲಿ ಇಂಥ ಗೋಡೆ ಏಕೆ ಎಂದು ಹೆಡ್‌ಫೋನ್ ಕಿತ್ತಿಟ್ಟು ಎದ್ದು ಹೋದ ರಾತ್ರಿಗಳಿವೆ.

ಇದಕ್ಕೆ ಮದ್ದು ಕಂಡುಕೊಂಡವನು ರಾಯಚೂರಿನವನು. ಯಾವ ಹೊಸ ವಸ್ತು ಸಿಕ್ಕರೂ ಒಂದನ್ನು ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಎತ್ತಿಡುತ್ತಾನೆ. ಬಂದವರು ಮೊದಲು ಅದನ್ನು ತೆರೆದು ಒಂದೊಂದನ್ನೇ ಎತ್ತಿಕೊಂಡು ಮತ್ತೆ ಒಳಗಿಡಬೇಕು. ಪ್ರತಿ ವಸ್ತು ಎತ್ತಿಕೊಂಡಾಗಲೂ ಹೊಸ ವಿದ್ಯೆ ಕಲಿತಿರಿ ಎಂದು ಪರದೆಯ ಮೇಲೆ ಸಾಲುಸಾಲಾಗಿ ಮೂಡುತ್ತದೆ. ಗಂಗಾವತಿಯವನು ಇದಕ್ಕೆ ‘ಪ್ರಸಾದದ ಪೆಟ್ಟಿಗೆ’ ಎಂದು ಹೆಸರಿಟ್ಟ. ಪೆಟ್ಟಿಗೆಯ ಪಕ್ಕದ ಫಲಕದಲ್ಲಿ ಬರೆದೂ ಇಟ್ಟಿದ್ದಾನೆ. ಅದರಲ್ಲಿ ಪರ್ವತದಲ್ಲಿ ಸಿಗುವ ಕಪ್ಪು ಗಾಜುಗಲ್ಲು ಅಬ್ಸಿಡಿಯನ್‌ನ ಒಂದು ಚೂರು ಕಂಡ ದಿನ, ಇವರಿಬ್ಬರೂ ನಾನಿಲ್ಲದೆ ಪರ್ವತ ಹತ್ತಿ ಬಂದಿದ್ದಾರೆ ಎಂದು ಗೊತ್ತಾಯಿತು. ಸಿಟ್ಟು ಬರಬೇಕಿತ್ತು. ನನಗಾಗಿ ಒಂದು ಚೂರು ತೆಗೆದಿಟ್ಟಿದ್ದಾರಲ್ಲ ಎಂದು ಖುಷಿಯೇ ಆಯಿತು.

ಆಮೇಲೆ ಜೊತೆಗಾರ ಸಲಕರಣೆಗಳ ಬಗ್ಗೆಯೂ ಮನಸ್ಸು ಮೆತ್ತಗಾಗಿದೆ. ನಮ್ಮ ಘಟಕದಲ್ಲಿ ಹೊಲಿಗೆ ಯಂತ್ರ ಎಷ್ಟೇ ಒಳ್ಳೆಯದಿರಲಿ, ಪಕ್ಕದಲ್ಲಿ ಓವರ್‌ಲಾಕ್, ಬಾರ್‌ಟ್ಯಾಕ್, ಗುಂಡಿ ಹೊಡೆಯುವ ಯಂತ್ರಗಳಿಲ್ಲದೆ ಪ್ಯಾಂಟ್ ಮಾರುಕಟ್ಟೆಗೆ ಹೋಗುವುದಿಲ್ಲ. ವಾಲ್‌ಹೈಮ್ ಕುಲುಮೆಯೂ ಹಾಗೆಯೇ. ಎಲ್ಲವೂ ಕೆಲವೇ ಹೆಜ್ಜೆಗಳೊಳಗೆ ಇರಬೇಕಾದ್ದರಿಂದ ಯಾವುದನ್ನು ಎಲ್ಲಿ ನಿಲ್ಲಿಸಬೇಕು ಎಂದು ವಾದವೇ ನಡೆಯುತ್ತದೆ. ಸರಿಯಾದ ಜಾಗ ಸಿಕ್ಕಿದಾಗ ಸಲಕರಣೆಯಿಂದ ಕುಲುಮೆಗೆ ಬೆಳಕಿನ ಸಣ್ಣ ಗೆರೆಯೊಂದು ಹರಿಯುತ್ತದೆ. ಅದನ್ನು ನೋಡಲೆಂದೇ ತಿದಿಯನ್ನು ಕಿತ್ತು ಮತ್ತೆ ನೆಟ್ಟಿದ್ದೇನೆ.

ದಿನದ ಆಟ ಮುಗಿಯುವುದು ದುರಸ್ತಿಯಿಂದ. ದುರಸ್ತಿಗೆ ಖರ್ಚಿಲ್ಲ, ಒಂದು ಅದಿರೂ ಬೇಡ. ಮೂವರೂ ಕುಲುಮೆಯ ಸುತ್ತ ನಿಂತು ಒಂದೊಂದೇ ಆಯುಧವನ್ನು ಸರಿಮಾಡಿಕೊಳ್ಳುತ್ತ ಮಿರ್ಚಿ ಮಂಡಕ್ಕಿ ತಿನ್ನುತ್ತ ಹರಟುತ್ತೇವೆ. ರಾಯಚೂರಿನ ಬಿಸಿಲು, ಭತ್ತದ ದರ, ನನ್ನ ಮಾಲೀಕರ ಮುಂಗೋಪ, ಎಲ್ಲವೂ ಅಲ್ಲೇ ಬರುತ್ತವೆ. ಲೋಕ ಇರುವುದು ಗಂಗಾವತಿಯವನ ಕಂಪ್ಯೂಟರಿನಲ್ಲಿ. ಅಲ್ಲಿ ಕರೆಂಟ್ ಹೋದರೆ ಮೂವರ ಆಟವೂ ನಿಂತುಬಿಡುತ್ತದೆ. ಯುಪಿಎಸ್‌ಗೆ ಮೂವರೂ ಹಣ ಹಾಕಿದ್ದೇವೆ. ಆಟಕ್ಕಿಂತ ಅದೇ ದುಬಾರಿಯಾಯಿತು.

ಒಬ್ಬರೇ ಆಡುವವರಾದರೆ ಪೂರ್ತಿ ಬೆಲೆ ಕೊಡಬೇಡಿ. ಪಕ್ಕದಲ್ಲಿ ಮೊಬೈಲ್ ತೆರೆದಿಟ್ಟುಕೊಂಡು ಪ್ರತಿ ಮಟ್ಟದ ಪಟ್ಟಿ ಹುಡುಕುವುದರಲ್ಲೇ ಬೇಸರ ಬರುತ್ತದೆ. ದಿನವೂ ಜೊತೆಗೆ ಕೂರುವ ಗೆಳೆಯರಿದ್ದರೆ ಇಂದೇ ಕೊಳ್ಳಿ. ನಾವೀಗ 2022ರ ಡಿಸೆಂಬರ್‌ನಲ್ಲಿ ಸೇರಿದ ಮಿಸ್ಟ್‌ಲ್ಯಾಂಡ್ಸ್ ಭಾಗಕ್ಕೆ ಕಾಲಿಟ್ಟಿದ್ದೇವೆ. ಅಲ್ಲಿ ಕಪ್ಪು ಕುಲುಮೆ ಎಂಬ ಇನ್ನೊಂದು ಇದೆ, ಅದಕ್ಕೂ ಅದರದೇ ಜೊತೆಗಾರರಿದ್ದಾರೆ. ಪ್ರಸಾದದ ಪೆಟ್ಟಿಗೆ ತುಂಬಿದೆ, ಎರಡನೆಯ ಪೆಟ್ಟಿಗೆ ಮಾಡಲು ರಾಯಚೂರಿನವನು ಮರ ಕಡಿಯುತ್ತಿದ್ದಾನೆ.