ಮಾಲ್, ಕಾಂಪ್ಲೆಕ್ಸ್, ಹಳೇ ಮಾರುಕಟ್ಟೆ: ಹಪ್ಪಳ ಮಾರಿ ನೋಡಿದ ಲೆಕ್ಕ

ಊರ ನಡುವೆ ಹೊಸ ಅಂಗಡಿ ಕಟ್ಟಡ ಏಳುವಾಗ ಎದುರಿನ ಬೋರ್ಡಿನಲ್ಲಿ ಎರಡು ಮಾತು ತಪ್ಪದೆ ಇರುತ್ತವೆ. ಒಂದು ಪರಿಸರಸ್ನೇಹಿ, ಇನ್ನೊಂದು ಸ್ಥಳೀಯ ವ್ಯಾಪಾರಿಗಳಿಗೆ ಅವಕಾಶ. ಇದರಲ್ಲಿ ಎಷ್ಟು ನಿಜ ಅಂತ ತಿಳಿಯಲು ಗಿರಾಕಿಯಾಗಿ ಓಡಾಡಿದರೆ ಸಾಲದು. ಅಲ್ಲಿ ಕೂತು ಏನಾದರೂ ಮಾರಬೇಕು.

ನಾನು ಮತ್ತು ನನ್ನ ಅತ್ತಿಗೆ ಮನೆಯಲ್ಲೇ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುತ್ತೇವೆ. ಅದಕ್ಕಾಗಿ ಮೂರು ಥರದ ಜಾಗ ನೋಡಿದ್ದಾಯಿತು. ಒಂದು ಮಾಲ್‌ನ ಕಿಯಾಸ್ಕ್, ಅಂದರೆ ನಡುದಾರಿಯಲ್ಲಿ ಹಾಕುವ ಚಿಕ್ಕ ಮೇಜಿನಂಗಡಿ, ಇನ್ನೊಂದು ಊರಿನ ಹೊಸ ಕಮರ್ಷಿಯಲ್ ಕಾಂಪ್ಲೆಕ್ಸಿನ ಮೊದಲ ಮಹಡಿ, ಆಮೇಲೆ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಪರಿಚಯದವರ ದಿನಸಿ ಅಂಗಡಿಯ ಅರ್ಧ ಹಲಗೆ. ಮೊದಲಿನ ಎರಡಕ್ಕೆ ಹೆಸರು ಬೇಡ. ಅಂಥವು ಎಲ್ಲ ಊರಲ್ಲೂ ಇವೆ.

ಮಾಲ್‌ನಿಂದ ಶುರು ಮಾಡೋಣ. ಅಲ್ಲಿ ಬಾಡಿಗೆ ಅನ್ನುವುದು ಒಂದೇ ಸಂಖ್ಯೆ ಅಲ್ಲ. ಮಿನಿಮಮ್ ಗ್ಯಾರಂಟಿ ಅಂತ ಮೊದಲೇ ಗೊತ್ತುಮಾಡಿದ ಕನಿಷ್ಠ ಬಾಡಿಗೆ ಅಥವಾ ಮಾರಾಟದಲ್ಲಿ ಇಂತಿಷ್ಟು ಪರ್ಸೆಂಟ್, ಯಾವುದು ಜಾಸ್ತಿಯೋ ಅದನ್ನು ಕೊಡಬೇಕು. ಅದರ ಮೇಲೆ ಎಸಿ, ಗುಡಿಸುವುದು, ಸೆಕ್ಯುರಿಟಿಗೆಂದು ನಿರ್ವಹಣೆ ಶುಲ್ಕ. ಎಲ್ಲದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ದೊಡ್ಡ ಕಂಪನಿಯಾದರೆ ಆ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತದೆ. ನೋಂದಣಿಯೇ ಇಲ್ಲದ ನಮ್ಮಂಥವರಿಗೆ ಅದು ಹೋದ ದುಡ್ಡು. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಜನರನ್ನು ಎಳೆದು ತರುತ್ತದೆ ಅಂತ ದೊಡ್ಡ ಬ್ರ್ಯಾಂಡಿಗೆ ಚದರಡಿ ಬಾಡಿಗೆಯಲ್ಲಿ ಭಾರೀ ರಿಯಾಯಿತಿ ಇರುತ್ತದೆ. ಚದರಡಿ ಲೆಕ್ಕದಲ್ಲಿ ಜಾಸ್ತಿ ಕೊಡುವವರು ನಡುದಾರಿಯಲ್ಲಿ ಮೇಜು ಹಾಕಿಕೊಂಡು ನಿಂತ ಕಿಯಾಸ್ಕಿನವರೇ.

ನಮ್ಮ ಮಾಲ್‌ನ ಬಾಗಿಲಲ್ಲಿ ಹಸಿರು ಕಟ್ಟಡದ ಸರ್ಟಿಫಿಕೇಟು ಫ್ರೇಮು ಹಾಕಿಸಿಕೊಂಡು ನೇತಾಡುತ್ತಿತ್ತು. ಅದು ಸುಳ್ಳೇನಲ್ಲ. ಕೊಳಚೆ ನೀರನ್ನು ಶುದ್ಧ ಮಾಡಿ ಟಾಯ್ಲೆಟ್ಟಿಗೆ ಬಿಡುತ್ತಿದ್ದರು. ಹಸಿ ಕಸ, ಒಣ ಕಸ ಬೇರೆ ಮಾಡದಿದ್ದರೆ ದಂಡ ಹಾಕುತ್ತಿದ್ದರು. ಆದರೆ ನಮ್ಮ ಕಿಯಾಸ್ಕ್ ಹೇಗಿರಬೇಕು ಎಂದು ಅವರದೇ ಡ್ರಾಯಿಂಗ್ ಇತ್ತು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ, ಮೇಲೆ ಲ್ಯಾಮಿನೇಟ್, ಒಳಗೆ ಎಲ್‌ಇಡಿ ಪಟ್ಟಿ, ಖರ್ಚು ನಮ್ಮದು. 11 ತಿಂಗಳ ಕರಾರು ಮುಗಿದ ಮೇಲೆ ಅದನ್ನು ನಾವೇ ಕಿತ್ತು ಸಾಗಿಸಬೇಕು. ಅಳತೆ ಆ ಜಾಗಕ್ಕೆ ಮಾತ್ರ ಸರಿಯಾದ್ದರಿಂದ ಯಾರಿಗೂ ಬೇಡವಾಯಿತು. ಗುಜರಿಯವನು ಕೂಡ ಅದರ ಅಲ್ಯೂಮಿನಿಯಂ ಅಂಚನ್ನು ಮಾತ್ರ ಕಿತ್ತುಕೊಂಡ. ಪಕ್ಕದ ಬಟ್ಟೆ ಅಂಗಡಿ ಬದಲಾದಾಗ ಅದರ ಫಾಲ್ಸ್ ಸೀಲಿಂಗು, ಗ್ಲಾಸು, ನೆಲಹಾಸು ಎಲ್ಲ ರಾತ್ರೋರಾತ್ರಿ ಲಾರಿ ತುಂಬಿ ಹೋಯಿತು. ಸರ್ಟಿಫಿಕೇಟು ಕೊಡುವಾಗ ಹಾಕುವ ಅಂಕದಲ್ಲಿ ಈ ಲಾರಿ ಎಲ್ಲಿ ಬರುತ್ತದೋ ಕಾಣೆ.

ವ್ಯಾಪಾರದ ಕಥೆಯೂ ಹಾಗೇ ಇತ್ತು. ಹಪ್ಪಳ ಕರಿದು ರುಚಿ ತೋರಿಸುವ ಹಾಗಿಲ್ಲ. ಬೆಂಕಿಗೆ ಅನುಮತಿ ಇಲ್ಲ, ಅದು ಸರಿಯೇ. ಬೆಳ್ಳುಳ್ಳಿ ಚಟ್ನಿಪುಡಿ ಡಬ್ಬಿಯ ಮುಚ್ಚಳ ತೆಗೆದರೂ ಫ್ಲೋರ್ ಮ್ಯಾನೇಜರ್ ಬರುತ್ತಿದ್ದರು, 'ಮೇಡಂ, ಕಾಸ್ಮೆಟಿಕ್ಸ್‌ನವರು ಕಂಪ್ಲೇಂಟ್ ಮಾಡ್ತಿದಾರೆ' ಅಂತ. ಬಿಡಿಯಾಗಿ ಮಾರಲು ಬಿಡುವುದಿಲ್ಲ. ಹಾಗಾಗಿ ಎಲ್ಲವೂ ಪ್ಲಾಸ್ಟಿಕ್ ಪೌಚಿಗೆ ಹೋಯಿತು.

ಆದರೂ ಒಂದು ಮಾತು ಹೇಳಲೇಬೇಕು. ಚೊಕ್ಕ ಟಾಯ್ಲೆಟ್ಟು, ಗಾಲಿಕುರ್ಚಿ ಏರುವ ರ‍್ಯಾಂಪು, ರಾತ್ರಿ ಹೊರಡುವಾಗ ಬೆಳಕಿರುವ ದಾರಿ ಇವೆಲ್ಲ ಇದ್ದದ್ದು ಮಾಲ್‌ನಲ್ಲಿ ಮಾತ್ರ. ಇಡೀ ದಿನ ಕೂತು ಮಾರುವ ಹೆಂಗಸರಿಗೆ ಇದು ಸಣ್ಣ ಸಂಗತಿ ಅಲ್ಲ.

ಕಾಂಪ್ಲೆಕ್ಸಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಹಳೇ ಸಂತೆ ಜಾಗದಲ್ಲಿ ಕಟ್ಟಿದ್ದು, ಮುಂದೆಲ್ಲ ನೀಲಿ ಗಾಜು, ಅದೂ ಪಡುವಣಕ್ಕೆ. ಮಧ್ಯಾಹ್ನ ಎರಡರ ಮೇಲೆ ಒಳಗೆ ಕೂರಲು ಆಗುವುದಿಲ್ಲ. ಮಳಿಗೆಗಳು ಹರಾಜಿಗೆ ಹೋದವು. ನೆಲಮಟ್ಟದವು ಮೊಬೈಲು, ಚಿನ್ನದ ಸಾಲದ ಕಂಪನಿಗಳ ಪಾಲಾದವು. ಹಿಂದೆ ಅಲ್ಲೇ ಸೊಪ್ಪು ಮಾರುತ್ತಿದ್ದವರಿಗೆ ಮೊದಲ ಮಹಡಿ ಸಿಕ್ಕಿತು. ಸೊಪ್ಪು ಕೊಳ್ಳಲು ಮೆಟ್ಟಿಲು ಹತ್ತುವವರು ಯಾರು? ಮಳೆಗಾಲ ಮುಗಿಯುವಷ್ಟರಲ್ಲಿ ಅವರೆಲ್ಲ ಕೆಳಗಿಳಿದು, ಅದೇ ಕಟ್ಟಡದ ಮೆಟ್ಟಿಲ ಬುಡದಲ್ಲಿ ಗೋಣಿತಾಟು ಹಾಸಿ ಕೂತರು. ಮೇಲೆ ನಮ್ಮ ಎಡಬಲದ ಶಟರುಗಳು ಒಂದೊಂದಾಗಿ ಗೋಡೌನ್ ಆದವು.

2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಸಮೀಕ್ಷೆ ನಡೆಯಬೇಕು. ಅದಾಗಿ ವ್ಯಾಪಾರಿಗಳಿಗೆ ಪ್ರಮಾಣಪತ್ರ ಸಿಗುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಅದೇ ಕಾಯ್ದೆ ಹೇಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಪರ್ಸೆಂಟ್ ಸದಸ್ಯರು ಬೀದಿ ವ್ಯಾಪಾರಿಗಳೇ ಚುನಾಯಿಸಿದವರಾಗಿರಬೇಕು. ಆ ಸಮಿತಿಗೆ ನಮ್ಮ ಕಾಂಪ್ಲೆಕ್ಸಿನ ನಕ್ಷೆ ತೋರಿಸಿದ್ದರೆ ಯಾರಾದರೊಬ್ಬ ಸೊಪ್ಪಿನಮ್ಮ ಎದ್ದು ಮೆಟ್ಟಿಲು ಬೇಡ ಅಂದಿರುತ್ತಿದ್ದರು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಕಾಂಪ್ಲೆಕ್ಸಿನಲ್ಲೂ ಅಷ್ಟೇ. ಕೆಳಗೆ ಹೂವಿನ ರಾಶಿ ಮಧ್ಯೆ ಕಾಲಿಡಲು ಜಾಗವಿಲ್ಲ. ಬೆಳಗ್ಗೆ ಮೇಲಿನ ಮಹಡಿಗೆ ಹತ್ತುವವರಲ್ಲಿ ಕ್ಯಾಮೆರಾ ಹಿಡಿದವರೇ ಜಾಸ್ತಿಯೇನೋ ಅನ್ನಿಸುತ್ತದೆ.

ಇನ್ನು ದೇವರಾಜ ಮಾರುಕಟ್ಟೆ. ಅರ್ಧ ಹಲಗೆ ಅಂದೆನಲ್ಲ, ನಿಜಕ್ಕೂ ಅಷ್ಟೇ. ಬೆಲ್ಲದ ಅಚ್ಚುಗಳ ಪಕ್ಕ ನಮ್ಮ ಎರಡು ಬುಟ್ಟಿ. ಮಾರಾಟವಾದದ್ದರಲ್ಲಿ ಅಂಗಡಿಯವರಿಗೆ ಒಂದು ಪಾಲು. ಕರಾರಿಲ್ಲ, ಡ್ರಾಯಿಂಗಿಲ್ಲ. 'ಹತ್ತು ರೂಪಾಯಿಗೆ ಎಷ್ಟಮ್ಮ ಬರುತ್ತೆ?' ಅಂತ ಕೇಳುವ ಗಿರಾಕಿಯನ್ನು ನಾವು ಮೊದಲು ನೋಡಿದ್ದು ಅಲ್ಲೇ. ಎಣಿಸಿ ಕೊಟ್ಟರೆ ಅಂಗಡಿಯವರು ಒಣಗಿದ ಬಾಳೆಲೆಗೆ ಸುತ್ತಿ, ಮೇಲಿಂದ ಇಳಿಬಿಟ್ಟ ಉಂಡೆಯಿಂದ ದಾರ ಎಳೆದು, ಎರಡು ಸುತ್ತು ಹಾಕಿ ಬೆರಳಲ್ಲೇ ಪಟ್ಟನೆ ತುಂಡು ಮಾಡುತ್ತಾರೆ. ಪೌಚೂ ಇಲ್ಲ, ಬಾರ್‌ಕೋಡೂ ಇಲ್ಲ.

ನಮ್ಮನ್ನು ನಿಜವಾಗಿ ಉಳಿಸಿದ್ದು ಆ ಬಿಡಿ ಗಿರಾಕಿಯೂ ಅಲ್ಲ, ಅಡುಗೆ ಭಟ್ಟರು. ಮದುವೆ ಸೀಸನ್ನಿನಲ್ಲಿ ಬಾಳೆಲೆ, ಬೆಲ್ಲ, ವೀಳ್ಯದೆಲೆ, ತೆಂಗಿನಕಾಯಿ ಅಂತ ಚೀಟಿ ಹಿಡಿದು ಬರುತ್ತಾರೆ. ಎಲ್ಲ ಒಂದೇ ಸೂರಿನಡಿ ಸಿಗುವಾಗ ಹಪ್ಪಳಕ್ಕೆ ಬೇರೆ ಕಡೆ ಯಾಕೆ ಹೋಗುತ್ತಾರೆ? ಒಬ್ಬ ಭಟ್ಟರ ಆರ್ಡರು ಮಾಲ್‌ನ ಒಂದು ವಾರಕ್ಕೆ ಸಮ. ಗಿರಾಕಿಗಳಲ್ಲಿ ಬಹಳ ಜನ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕೆ.ಆರ್. ವೃತ್ತ ದಾಟಿ ನಡೆದೇ ಬರುವವರು. ಮಾಲ್‌ಗೆ ನೆಲದಡಿ ಮಹಡಿಗಟ್ಟಲೆ ಪಾರ್ಕಿಂಗ್ ತೋಡಬೇಕು. ಇಲ್ಲಿ ಅದರ ಗೋಜಿಲ್ಲ. ಎತ್ತರದ ಸೂರು, ದಪ್ಪ ಗೋಡೆ, ಉದ್ದಕ್ಕೂ ಗಾಳಿಯಾಡುವ ಓಣಿಗಳು. ಏಪ್ರಿಲ್‌ನಲ್ಲೂ ಹೂವಿನವರು ಒದ್ದೆ ಗೋಣಿ ಹೊದಿಸಿಯೇ ಸಂಜೆವರೆಗೆ ಮಲ್ಲಿಗೆ ಉಳಿಸಿಕೊಳ್ಳುತ್ತಾರೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕಲ್ಲ. 2016ರ ಆಗಸ್ಟಿನಲ್ಲಿ ಈ ಮಾರುಕಟ್ಟೆಯ ಉತ್ತರ ಬಾಗಿಲ ಭಾಗ ಕುಸಿದು ಬಿತ್ತು. ಅದಕ್ಕೆ ನಾಲ್ಕು ವರ್ಷ ಮುಂಚೆ, 2012ರಲ್ಲಿ, ಮೈಸೂರಿನಲ್ಲೇ ಚಿಕ್ಕ ಗಡಿಯಾರ ಗೋಪುರದ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಸೂರು ಬಿದ್ದು ನಾಲ್ವರು ಸತ್ತರು. ಹಳೇ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಆ ಸಾಲು ಅಂದಿನಿಂದ ಬಾಗಿಲು ಮುಚ್ಚಿತು. ಬೆಂಗಳೂರಿನ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದದ್ದೂ ಅದೇ 2012ರಲ್ಲಿ. ಹಳೇ ಮಾರುಕಟ್ಟೆ ಅಂದರೆ ತಲೆಮೇಲೆ ಜೇಡರ ಬಲೆಯಂಥ ವೈರಿಂಗು, ಮಳೆ ಬಂದರೆ ಸೋರುವ ಸೂರು, ಹೆಂಗಸರು ಕಾಲಿಡಲಾಗದ ಟಾಯ್ಲೆಟ್ಟು ಅಂತ ಎಲ್ಲರಿಗೂ ಗೊತ್ತು. ಹಳೇದೆಲ್ಲ ಚಂದ ಅಂತ ದೂರದಿಂದ ಬರೆಯುವವರು ಒಂದು ಜೋರು ಮಳೆಗೆ ಬಂದು ನಿಲ್ಲಬೇಕು.

ದೇವರಾಜ ಮಾರುಕಟ್ಟೆಯನ್ನು ಕೆಡವಿ ಕಟ್ಟಬೇಕು ಅಂತ ಪಾಲಿಕೆ, ಉಳಿಸಿ ದುರಸ್ತಿ ಮಾಡಬೇಕು ಅಂತ ಪಾರಂಪರಿಕ ತಜ್ಞರು. ಈ ಜಗಳ ಹೈಕೋರ್ಟಿನವರೆಗೂ ಹೋಯಿತು. ನಾನು ದುರಸ್ತಿಯ ಕಡೆ. ಇದು ಬರೀ ಪರಂಪರೆಯ ಪ್ರೀತಿ ಅಲ್ಲ. ನಿಂತಿರುವ ಇಟ್ಟಿಗೆ, ಗಾರೆ, ಕಲ್ಲಿಗೆ ಬೇಕಾದ ಇಂಧನ ಎಂದೋ ಸುಟ್ಟು ಮುಗಿದಿದೆ. ಕೆಡವಿದರೆ ಅದು ಮಣ್ಣುಪಾಲು, ಹೊಸದಕ್ಕೆ ಮತ್ತೆ ಸಿಮೆಂಟು, ಕಬ್ಬಿಣ. ಅದಕ್ಕಿಂತ ದೊಡ್ಡ ಚಿಂತೆ ಅರ್ಧ ಹಲಗೆಯದು. ಹೊಸ ಕಟ್ಟಡದ ನಕ್ಷೆಯಲ್ಲಿ ಹತ್ತಡಿ ಹತ್ತಡಿ ಶಟರಿಗಿಂತ ಚಿಕ್ಕದು ಇರುವುದೇ ಇಲ್ಲ. ಎರಡು ಬುಟ್ಟಿ ಇಡುವವರಿಗೆ, ಒಂದು ಮೊಳ ಹೂವು ಮಾರುವವರಿಗೆ ಜಾಗ ಬರೆಯುವ ಆರ್ಕಿಟೆಕ್ಟನ್ನು ನಾನಿನ್ನೂ ಕಂಡಿಲ್ಲ. ಕೆಡವಲೇಬೇಕು ಅಂತಾದರೆ ಒಂದೊಂದು ಸಾಲಾಗಿ ಕೆಡವಿ ಕಟ್ಟಲಿ. ವ್ಯಾಪಾರಿಗಳನ್ನು ವರ್ಷಗಟ್ಟಲೆ ಊರಾಚೆಯ ಶೆಡ್ಡಿಗೆ ಕಳಿಸಿದರೆ ಅಡುಗೆ ಭಟ್ಟರು ಅಷ್ಟರಲ್ಲಿ ಬೇರೆ ಅಂಗಡಿ ಹುಡುಕಿಕೊಂಡಿರುತ್ತಾರೆ.

ಹೊಸದಾಗಿ ಶುರು ಮಾಡುವವರು ನಮ್ಮನ್ನು ಕೇಳುತ್ತಿರುತ್ತಾರೆ, ಎಲ್ಲಿ ಹಾಕೋದು ಅಂತ. ಒಂದೊಂದನ್ನೇ ಚೆಂದ ಪ್ಯಾಕ್ ಮಾಡಿ ಉಡುಗೊರೆ ಥರ ಮಾರುವ ಸರಕಾದರೆ ದಸರಾ, ದೀಪಾವಳಿ ಹೊತ್ತಿಗೆ ಮಾತ್ರ ಮಾಲ್ ನೋಡಿ. ಕೆಲವು ಕಡೆ ವಾರಕ್ಕೆ ಇಷ್ಟು ಅಂತ ಮೇಜು ಕೊಡುತ್ತಾರೆ, 11 ತಿಂಗಳಿಗೆ ಸಿಕ್ಕಿಹಾಕಿಕೊಳ್ಳಬೇಡಿ. ಟೈಲರಿಂಗು, ಟ್ಯೂಷನ್ನು, ಲೆಕ್ಕಪತ್ರದ ಕೆಲಸದವರಿಗೆ ಕಾಂಪ್ಲೆಕ್ಸಿನ ಮಹಡಿ ಪರವಾಗಿಲ್ಲ, ಹುಡುಕಿಕೊಂಡು ಬರುವವರು ಹತ್ತಿ ಬರುತ್ತಾರೆ. ತಿನ್ನುವ, ಮುಡಿಯುವ, ದಿನಾ ಬೇಕಾಗುವ ವಸ್ತುವಾದರೆ ನೆಲಮಟ್ಟ ಬಿಟ್ಟು ಮೇಲೆ ಹೋಗಬೇಡಿ. ಅಡ್ವಾನ್ಸ್ ಕೊಡುವ ಮೊದಲು ಎಡಬಲದಲ್ಲಿ ಯಾರಿದ್ದಾರೆ, ಅವರು ಬಂದು ಎಷ್ಟು ವರ್ಷವಾಯಿತು ಅಂತ ವಿಚಾರಿಸಿ. ಹಾಗೇ ಹೆಂಗಸರ ಟಾಯ್ಲೆಟ್ಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತಲೂ ಕೇಳಿಬಿಡಿ.